ಅರ್ಧ ಬಲದ ಚರಿತ್ರೆ

ನಮ್ಮೂರು ಮೋಟೆಬೆನ್ನೂರಿನ ಹೆಸರು ಚರಿತ್ರೆಯ ಪುಸ್ತಕ ಸೇರಿದ್ದು ಒಬ್ಬರ ನಡಿಗೆಯಿಂದ. 1930ರ ಮಾರ್ಚ್ 12ರ ಬೆಳಿಗ್ಗೆ ಸಾಬರಮತಿ ಆಶ್ರಮದಿಂದ ಗಾಂಧೀಜಿಯ ಹಿಂದೆ ದಂಡಿಗೆ ಹೊರಟ ತಂಡದಲ್ಲಿ ಕರ್ನಾಟಕದವರೆಂದರೆ ಮೈಲಾರ ಮಹದೇವಪ್ಪ ಒಬ್ಬರೇ. 1911ರಲ್ಲಿ ಇದೇ ಊರಲ್ಲಿ ಹುಟ್ಟಿದ ಅವರಿಗೆ ಆಗಿನ್ನೂ ಹದಿನೆಂಟು ವರ್ಷ. ಮುಂದೆ 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದಾಗ ಅವರಿಗೆ ಮೂವತ್ತೆರಡೂ ತುಂಬಿರಲಿಲ್ಲ. ಇತಿಹಾಸ ಕಲಿಸುವ ನಾನು ಪ್ರತಿ ವರ್ಷ ಈ ಪಾಠ ಮಾಡುತ್ತೇನೆ. ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು, "ಅಷ್ಟು ದೂರ ಹೆಂಗ ನಡದ್ರಿ ಸರ?" ಎಂದು ಕೇಳಿಯೇ ಕೇಳುತ್ತಾರೆ.

ಸುಮಾರು 240 ಮೈಲಿ, 24 ದಿನ. ಭಾಗಿಸಿ ನೋಡಿದರೆ ದಿನಕ್ಕೆ ಹತ್ತು ಮೈಲಿ. ಆದರೆ ಅವರು ನಡೆದದ್ದು ಹಾಗೆ ಸರಾಸರಿಯಾಗಿ ಅಲ್ಲ. ಬೆಳಿಗ್ಗೆ ತಂಪಿನಲ್ಲಿ ಒಂದು ಹಂತ, ಸಂಜೆ ಬಿಸಿಲು ಇಳಿದ ಮೇಲೆ ಇನ್ನೊಂದು ಹಂತ, ನಡುವೆ ಯಾವುದೋ ಹಳ್ಳಿಯಲ್ಲಿ ಊಟ, ನೂಲುವುದು, ವಿಶ್ರಾಂತಿ. ಸೋಮವಾರ ಗಾಂಧೀಜಿಯ ಮೌನದ ದಿನವಾದ್ದರಿಂದ ಅಂದು ನಡಿಗೆಯೇ ಇಲ್ಲ. ಬ್ರಿಟಿಷ್ ಸರ್ಕಾರವನ್ನು ಅಲ್ಲಾಡಿಸಿದ ಆ ನಡಿಗೆಯ ದಿನಚರಿಯಲ್ಲಿ ನಿಲ್ಲುವುದಕ್ಕೂ ಲೆಕ್ಕ ಹಾಕಿ ಜಾಗ ಕೊಟ್ಟಿದ್ದರು. ಮಕ್ಕಳಿಗೆ ಈ ವಿವರ ಅಷ್ಟು ಹಿಡಿಸುವುದಿಲ್ಲ. ಅವರಿಗೆ ಉಪ್ಪು ಬೇಕು, ಲಾಠಿ ಬೇಕು, ಹೊಸರಿತ್ತಿಯ ಗುಂಡಿನ ಸದ್ದು ಬೇಕು. ನನಗೆ ಮಾತ್ರ ಸೋಮವಾರಗಳು ಬಹಳ ಮುಖ್ಯವಾಗಿ ಕಾಣುತ್ತವೆ.

ಕಾರಣ ನನ್ನ ಮೈಯಲ್ಲೇ ಇದೆ. ಹದಿನಾಲ್ಕು ವರ್ಷಗಳಿಂದ ನಾನು ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯ ಜೊತೆ ಬದುಕುತ್ತಿದ್ದೇನೆ. ಕನ್ನಡದಲ್ಲಿ ಸ್ನಾಯು ದೌರ್ಬಲ್ಯ ಎನ್ನುತ್ತಾರೆ, ಆದರೆ ಆ ಮಾತು ಇಂಥ ಹತ್ತಾರು ಕಾಯಿಲೆಗಳಿಗೆ ಸಲ್ಲುತ್ತದೆ. ಇದರ ಗುರುತೇ ಬೇರೆ. ಬೆಳಿಗ್ಗೆ ಎದ್ದಾಗ ಎಲ್ಲರ ಹಾಗೆ ಇರುತ್ತೇನೆ. ನಾಲ್ಕನೇ ಪಿರಿಯಡ್ಡಿನ ಹೊತ್ತಿಗೆ ಬೋರ್ಡಿನ ಮೇಲೆ ಬರೆಯುವ ಕೈ ತಾನಾಗಿ ಕೆಳಗೆ ಜಾರುತ್ತದೆ. ಮಧ್ಯಾಹ್ನ ಖಡಕ್ ರೊಟ್ಟಿ ಅಗಿಯುತ್ತ ಅರ್ಧಕ್ಕೆ ದವಡೆ ನಿಲ್ಲುತ್ತದೆ. ಸಂಜೆಗೆ ಎಡಗಣ್ಣಿನ ರೆಪ್ಪೆ ಇಳಿದು, ಎದುರಿಗೆ ಬರುವ ಒಂದು ಬೈಕು ಎರಡಾಗಿ ಕಾಣುತ್ತದೆ. ಒಂದು ಗಂಟೆ ಮಲಗಿ ಎದ್ದರೆ ಮತ್ತೆ ಸ್ವಲ್ಪ ಬಲ. ವಿಶ್ರಾಂತಿ ತೆಗೆದುಕೊಂಡರೆ ಕಡಿಮೆಯಾಗುವ ಕಾಯಿಲೆಯನ್ನು ಜನ ನಂಬುವುದು ಕಷ್ಟ. ಮಲಗಿ ಎದ್ದು ಸರಿಹೋಗುವ ಮನುಷ್ಯನಿಗೆ ನಮ್ಮ ಕಡೆ ಬೇರೆ ಹೆಸರಿದೆ: ಮೈಗಳ್ಳ.

ಕಾಯಿಲೆ ಗೊತ್ತಾದ ಮೊದಲ ವರ್ಷ ನನಗೆ ಎರಡು ಥರದ ಸಲಹೆ ಬಂದವು. ಒಂದು, ಹಾಸಿಗೆ ಬಿಟ್ಟು ಏಳಬೇಡ. ಇನ್ನೊಂದು, ದಿನಾ ನೂರು ಬಸ್ಕಿ ಹೊಡಿ, ಮೈ ಬಲಿಯದೆ ಎಲ್ಲಿಗೆ ಹೋಗುತ್ತದೆ. ಎರಡನ್ನೂ ಹೇಳಿದವರು ಪ್ರೀತಿಯಿಂದಲೇ ಹೇಳಿದರು. ಎರಡರ ಹಿಂದೆಯೂ ದೊಡ್ಡ ಚರಿತ್ರೆ ಇದೆ ಎಂಬುದು ಆಮೇಲೆ ಓದುತ್ತ ಹೋದಾಗ ತಿಳಿಯಿತು.

ಎರಡನೆಯದನ್ನು ಮೊದಲು ನೋಡೋಣ, ಏಕೆಂದರೆ ಅದು ನಮ್ಮ ನೆಲದ್ದು. ಉತ್ತರ ಕರ್ನಾಟಕದ ಊರುಗಳಲ್ಲಿ ಗರಡಿಮನೆ ಗುಡಿಯಷ್ಟೇ ಸಹಜ. ಕೆಮ್ಮಣ್ಣಿನ ಅಖಾಡ, ಹನುಮಪ್ಪನ ಪಟ, ಗೋಡೆಗೆ ಒರಗಿದ ಗದೆ, ಮೂಲೆಯಲ್ಲಿ ಸಂಗ್ರಾಣಿ ಕಲ್ಲು. ಇದರ ಹಳೆಯ ದಾಖಲೆ ಬೇಕೆಂದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ಕ್ಕೆ ಹೋಗಬೇಕು. 12ನೆಯ ಶತಮಾನದ ಮೊದಲ ಭಾಗದಲ್ಲಿ ಬರೆದ ಈ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದ ಎಂದೇ ಒಂದು ಅಧ್ಯಾಯವಿದೆ. ನಮ್ಮ ಹಾವೇರಿ ಸೀಮೆಯೂ ಆಗ ಆ ರಾಜ್ಯದ ಒಳಗೇ ಇತ್ತು. ಆ ಅಧ್ಯಾಯದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ವಿಂಗಡಿಸಿದ್ದಾರೆ. ಅವರ ಸಾಧನೆಗೂ ಹೆಸರುಗಳಿವೆ. ಭಾರ ಎತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜು ಸಲಿಲಶ್ರಮ, ತೋಳಿಗೆ ತೋಳು ಒತ್ತುವುದು ಬಾಹುಪೇಲ್ಲಣಕಶ್ರಮ, ಕಂಬದ ಮೇಲಿನ ಸಾಮು ಸ್ತಂಭಶ್ರಮ. ವ್ಯಾಯಾಮಕ್ಕೆ ದೊರೆ ಬಳಸುವ ಮಾತೇ ಶ್ರಮ ಎಂಬುದನ್ನು ಗಮನಿಸಿ. ಎಲ್ಲರಿಗೂ ಒಂದೇ ಶ್ರಮವಲ್ಲ, ಆಳು ನೋಡಿ ಶ್ರಮ ಎಂಬುದೂ ಅಲ್ಲಿಯೇ ಇದೆ. ಊರ ಗರಡಿಗಳಿಗೆ ಬರುವಾಗ ಈ ಎರಡನೆಯ ಮಾತು ಎಲ್ಲೋ ದಾರಿಯಲ್ಲಿ ಸವೆದುಹೋಯಿತು ಎಂದು ನನ್ನ ಅನುಮಾನ. ಒಳ್ಳೆಯ ಉಸ್ತಾದರು ಮಾತ್ರ ಅದನ್ನು ಬಿಟ್ಟಿಲ್ಲ. ನಾನು ಕಂಡ ಒಬ್ಬರು ಹೊಸ ಹುಡುಗರನ್ನು ತಿಂಗಳುಗಟ್ಟಲೆ ಅಖಾಡದ ಮಣ್ಣು ಹದ ಮಾಡಲು ಹಚ್ಚುತ್ತಿದ್ದರು, ಕಲ್ಲಿಗೆ ಕೈ ಹಚ್ಚಲು ಬಿಡುತ್ತಿರಲಿಲ್ಲ.

ಅದಕ್ಕೂ ಹಿಂದಕ್ಕೆ ಹೋದರೆ ಆಯುರ್ವೇದದ ಗ್ರಂಥಗಳು ಸಿಗುತ್ತವೆ. ವ್ಯಾಯಾಮವನ್ನು ಅಷ್ಟು ಹೊಗಳಿದ ಸುಶ್ರುತ ಸಂಹಿತೆಯೇ ಅದಕ್ಕೊಂದು ಗಡಿ ಹಾಕುತ್ತದೆ: ತನ್ನ ಬಲದ ಅರ್ಧದಷ್ಟು ಮಾತ್ರ. ಅರ್ಧವೆಂದು ತಿಳಿಯುವುದು ಹೇಗೆ? ಉಸಿರು ಎದೆಯಿಂದ ಬಾಯಿಗೆ ಬರತೊಡಗಿದರೆ ಅರ್ಧವಾಯಿತು ಎಂದು ಲೆಕ್ಕ. ವಾಗ್ಭಟನೂ ಅರ್ಧ ಶಕ್ತಿಯ ಮಾತನ್ನೇ ಹೇಳಿ, ಅಷ್ಟನ್ನೂ ಚಳಿಗಾಲ ಮತ್ತು ವಸಂತಕ್ಕೆ ಇಟ್ಟು, ಉಳಿದ ಋತುಗಳಲ್ಲಿ ಅದಕ್ಕಿಂತ ಕಡಿಮೆ ಮಾಡಿರಿ ಎನ್ನುತ್ತಾನೆ. ಚರಕನಲ್ಲಿ ಅತಿ ವ್ಯಾಯಾಮದಿಂದ ಬರುವ ತೊಂದರೆಗಳ ಪಟ್ಟಿಯೇ ಇದೆ. ಇವರಿಗೆ ನನ್ನ ಕಾಯಿಲೆ ಗೊತ್ತಿತ್ತು ಎಂದು ಹೇಳುವ ಉತ್ಸಾಹ ನನಗಿಲ್ಲ. ಎಲ್ಲವೂ ನಮ್ಮ ಗ್ರಂಥಗಳಲ್ಲಿ ಮೊದಲೇ ಇತ್ತು ಎಂಬ ವಾದ ಇತಿಹಾಸದ ಮೇಷ್ಟ್ರಿಗೆ ಒಪ್ಪುವಂಥದ್ದಲ್ಲ. ಅವರು ಹೇಳಿದ್ದು ಆರೋಗ್ಯವಂತರಿಗೆ. ಆದರೆ ಬಲವನ್ನು ಪೂರಾ ಖರ್ಚು ಮಾಡಬಾರದು, ಅರ್ಧ ಉಳಿಸಿಕೊಂಡೇ ಮನೆಗೆ ಬರಬೇಕು ಎಂಬ ಲೆಕ್ಕಾಚಾರ ಅದು, ಮತ್ತು ನನಗೆ ಅದು ಬಹಳ ದಿನದಿಂದ ಉಪಯೋಗಕ್ಕೆ ಬಂದಿದೆ.

ಇನ್ನು ಕಾಯಿಲೆಯ ಕಥೆ. 1672ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಲ್ಯಾಟಿನ್ನಿನಲ್ಲಿ ಬರೆದ ಒಂದು ಪುಸ್ತಕದಲ್ಲಿ ಒಬ್ಬ ಹೆಂಗಸಿನ ಪ್ರಸಂಗ ಬರುತ್ತದೆ. ಆಕೆ ಆರಾಮಾಗಿ ಮಾತಾಡುತ್ತಾಳೆ, ಆದರೆ ಬಹಳ ಹೊತ್ತು ಇಲ್ಲವೇ ಅವಸರದಿಂದ ಮಾತಾಡಿದರೆ ಒಂದು ಶಬ್ದವೂ ಹೊರಡುವುದಿಲ್ಲ. ಒಂದೆರಡು ಗಂಟೆ ಸುಮ್ಮನಿದ್ದರೆ ಮಾತು ಮರಳಿ ಬರುತ್ತದೆ. ಪಾಠ ಮಾಡುವ ಕೆಲಸದವನಾದ ನಾನು ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕುಳಿತೆ. ಮೂರುವರೆ ಶತಮಾನದ ಹಿಂದಿನ ಆ ಹೆಂಗಸಿನ ಹೆಸರು ಪುಸ್ತಕದಲ್ಲಿಲ್ಲ. ಆಕೆಗೂ ಅಕ್ಕಪಕ್ಕದವರು ನಾಟಕ ಮಾಡುತ್ತಾಳೆ ಎಂದಿರಬೇಕು.

ವಿಲ್ಲಿಸ್ ಬರೆದದ್ದು ಹಾಗೇ ಮರೆಯಾಯಿತು. ಎರಡು ಶತಮಾನ ಕಳೆದ ಮೇಲೆ ಜರ್ಮನಿಯ ಎರ್ಬ್, ವಾರ್ಸಾದ ಗೋಲ್ಡ್‌ಫ್ಲಾಮ್ ಮತ್ತೆ ಇಂಥ ರೋಗಿಗಳ ಬಗ್ಗೆ ಬರೆದರು. 1895ರಲ್ಲಿ ಬರ್ಲಿನ್ನಿನ ಫ್ರೀಡ್ರಿಕ್ ಯೋಲಿ ಒಂದು ಸರಳ ಪರೀಕ್ಷೆ ಮಾಡಿದರು. ರೋಗಿಯ ಸ್ನಾಯುವಿಗೆ ಸಣ್ಣ ವಿದ್ಯುತ್ ತಾಗಿಸಿದರೆ ಅದು ಸೆಟೆಯುತ್ತದೆ. ಮತ್ತೆ ಮತ್ತೆ ತಾಗಿಸುತ್ತ ಹೋದರೆ ಸೆಟೆತ ಇಳಿಯುತ್ತ ಬಂದು ಕೊನೆಗೆ ನಿಂತೇಹೋಗುತ್ತದೆ. ಬಿಟ್ಟು ಕಾಯ್ದರೆ ಮತ್ತೆ ಮೊದಲಿನಂತೆ. ಇಂದಿಗೂ ನರರೋಗ ವಿಭಾಗಗಳಲ್ಲಿ ನಮಗೆ ಮಾಡುವ ಒಂದು ಮುಖ್ಯ ಪರೀಕ್ಷೆಯ ತಿರುಳು ಇದೇ. ಕಾಯಿಲೆಗೆ ಈಗಿನ ಹೆಸರು ಇಟ್ಟವರೂ ಯೋಲಿಯೇ. ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಕೆಲಸ ಬೇರೆ. ದಣಿವು ಎಂಬುದು ರೋಗಿ ಬಾಯಿಂದ ಹೇಳುವ ದೂರಾಗಿ ಉಳಿಯದೆ, ಹೊರಗಿನವರು ಕಣ್ಣಿಂದ ನೋಡಬಹುದಾದ ವಸ್ತುವಾಯಿತು. ವಿದ್ಯುತ್ತಿನ ಮುಂದೆ ಯಾರೂ ಮೈಗಳ್ಳತನ ಮಾಡಲಾರರು.

ಆದರೆ ಔಷಧ ಇರಲಿಲ್ಲ. ಇದ್ದ ಚಿಕಿತ್ಸೆ ಒಂದೇ, ಮಲಗಿರುವುದು. ನನಗೆ ಬಂದ ಮೊದಲ ಸಲಹೆಯ ಮೂಲ ಇಲ್ಲಿದೆ. ಆ ಕಾಲಕ್ಕೆ ಅದು ತಪ್ಪೂ ಅಲ್ಲ, ಬೇರೆ ದಾರಿಯೇ ಇಲ್ಲದಾಗ ಹಾಸಿಗೆಯೇ ಔಷಧ. 1930ರಲ್ಲಿ, ನಮ್ಮೂರ ಮಹದೇವಪ್ಪ ದಂಡಿಗೆ ನಡೆದ ವರ್ಷವೇ, ಅಮೆರಿಕದಲ್ಲಿ ಹ್ಯಾರಿಯೆಟ್ ಎಜ್‌ವರ್ತ್ ಎಂಬಾಕೆ ಎಫೆಡ್ರಿನ್ ತೆಗೆದುಕೊಂಡರೆ ಸ್ವಲ್ಪ ಗುಣ ಕಾಣುತ್ತದೆ ಎಂದು ಬರೆದರು. ಆಕೆ ಬರೆದದ್ದು ತನ್ನದೇ ಕಾಯಿಲೆಯ ಬಗ್ಗೆ.

ನಾಲ್ಕು ವರ್ಷದ ನಂತರ ಲಂಡನ್ನಿನ ಗ್ರೀನಿಚ್‌ನಲ್ಲಿ, ಬಡವರಿಗಾಗಿ ಇದ್ದ ಸೇಂಟ್ ಆಲ್ಫೆಜ್ ಆಸ್ಪತ್ರೆಯಲ್ಲಿ, ಮೇರಿ ವಾಕರ್ ಎಂಬ ಕಿರಿಯ ದರ್ಜೆಯ ವೈದ್ಯೆಗೆ ಒಂದು ಹೊಳಹು ಸಿಕ್ಕಿತು. ಈ ರೋಗಿಗಳು ಕುರಾರೆ ಎಂಬ ಬಾಣದ ವಿಷ ತಾಗಿದವರಂತೆ ಕಾಣುತ್ತಾರೆ. ಕುರಾರೆಗೆ ಮದ್ದು ಫೈಸೋಸ್ಟಿಗ್ಮಿನ್. ಹಾಗಾದರೆ ಇವರಿಗೇಕೆ ಅದನ್ನು ಕೊಡಬಾರದು? ಫೈಸೋಸ್ಟಿಗ್ಮಿನ್ ಸಿಗುವುದು ಪಶ್ಚಿಮ ಆಫ್ರಿಕದ ಕಾಲಬಾರ್ ಅವರೆಯಿಂದ. ಅಲ್ಲಿಯ ಜನ ತಪ್ಪಿತಸ್ಥರನ್ನು ಕಂಡುಹಿಡಿಯಲು ತಿನ್ನಿಸುತ್ತಿದ್ದ ವಿಷದ ಕಾಳು ಅದು. 1934ರಲ್ಲಿ 56 ವರ್ಷದ ಒಬ್ಬ ಹೆಂಗಸಿಗೆ ವಾಕರ್ ಅದರ ಚುಚ್ಚುಮದ್ದು ಕೊಟ್ಟರು. ಒಂದು ಗಂಟೆಯೊಳಗೆ ಇಳಿದ ರೆಪ್ಪೆ ಮೇಲೆದ್ದಿತು, ತೋಳಿಗೆ ಬಲ ಬಂತು, ನುಂಗುವುದು ಸುಲಭವಾಯಿತು. ಕೆಲವು ಗಂಟೆಗಳ ಮೇಲೆ ಪರಿಣಾಮ ಇಳಿದೂ ಹೋಯಿತು. ಅದೇ ವರ್ಷದ ಜೂನ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಸಣ್ಣದೊಂದು ಪತ್ರವಾಗಿ ಇದು ಅಚ್ಚಾಯಿತು. ಮರುವರ್ಷ ಪ್ರೊಸ್ಟಿಗ್ಮಿನ್, ಅಂದರೆ ನಿಯೊಸ್ಟಿಗ್ಮಿನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದೂ ಆಕೆಯೇ ತೋರಿಸಿದರು. ನಾನು ದಿನಕ್ಕೆ ನಾಲ್ಕು ಸಲ ನುಂಗುವ ಪಿರಿಡೋಸ್ಟಿಗ್ಮಿನ್ ಮಾತ್ರೆ ಅದೇ ವಂಶದ್ದು.

ವ್ಯಾಯಾಮದ ವಿಷಯಕ್ಕೆ ವಾಕರ್ ಅವರ ಇನ್ನೊಂದು ಪ್ರಯೋಗ ಇನ್ನೂ ಹತ್ತಿರದ್ದು. 1938ರಲ್ಲಿ ಆಕೆ ರೋಗಿಯ ತೋಳಿಗೆ ಪಟ್ಟಿ ಬಿಗಿದು, ರಕ್ತ ಓಡಾಡದಂತೆ ಮಾಡಿ, ಆ ಕೈಯಿಂದಲೇ ದಣಿಯುವವರೆಗೆ ಕೆಲಸ ಮಾಡಿಸಿದರು. ಪಟ್ಟಿ ಬಿಚ್ಚಿದ ಸ್ವಲ್ಪ ಹೊತ್ತಿಗೆ ರೋಗಿಯ ಕಣ್ಣರೆಪ್ಪೆ ಇಳಿಯಿತು. ದುಡಿದದ್ದು ಕೈ, ಸೋತದ್ದು ಕಣ್ಣು. ಯಾಕೆ ಹೀಗೆ ಎಂಬ ವಿವರಣೆಗಳು ಆಮೇಲೆ ಬದಲಾದವು. ಆದರೆ ಬಟ್ಟೆ ಒಗೆದ ದಿನ ಸಂಜೆ ಪುಸ್ತಕದ ಸಾಲು ಎರಡೆರಡಾಗಿ ಕಂಡ ಯಾವ ರೋಗಿಯೂ ಈ ಪ್ರಯೋಗವನ್ನು ಸಂಶಯಿಸಲಾರ.

ಉಳಿದ ಗಂಟು ಬಿಡಿಸಿದ್ದು ಹಾವು. ನಮ್ಮ ಕಡೆ ನಾಗರಹಾವು ಕಚ್ಚಿದವರನ್ನು ನಿದ್ದೆ ಮಾಡಲು ಬಿಡಬಾರದು ಎಂದು ಹಿರಿಯರು ಕೆನ್ನೆ ತಟ್ಟುತ್ತ ಕೂರುತ್ತಾರೆ. ನಿಜಕ್ಕೂ ಅದು ನಿದ್ದೆಯಲ್ಲ. ವಿಷ ನರ ಮತ್ತು ಸ್ನಾಯು ಸೇರುವ ಜಾಗವನ್ನು ಕಟ್ಟಿಹಾಕಿದ್ದರಿಂದ ರೆಪ್ಪೆ ಎತ್ತಲಾಗದೆ ಇಳಿದಿರುತ್ತದೆ, ಒಳಗೆ ಪ್ರಜ್ಞೆ ಸ್ಪಷ್ಟವಾಗಿಯೇ ಇರುತ್ತದೆ. ಇಂಥ ಹಾವಿನ ಕಡಿತಕ್ಕೆ ವಿಷ ನಿರೋಧಕದ ಜೊತೆಗೆ ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಔಷಧಗಳಲ್ಲಿ ಮೇರಿ ವಾಕರ್ ಬಳಸಿದ ನಿಯೊಸ್ಟಿಗ್ಮಿನ್ ಕೂಡ ಒಂದು. 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಅಲ್ಲಿಯ ಕಟ್ಟುಹಾವಿನ ವಿಷದಿಂದ ಒಂದು ಅಂಶವನ್ನು ಬೇರ್ಪಡಿಸಿದರು. ಸ್ನಾಯುವಿನ ಮೇಲಿರುವ ಅಸಿಟೈಲ್‌ಕೋಲಿನ್ ಗ್ರಾಹಕಗಳಿಗೆ ಅದು ಬಿಡದೆ ಅಂಟಿಕೊಳ್ಳುತ್ತದೆ. ಹಾಗಾಗಿ ಅದನ್ನು ಅಂಟಿಸಿ ಗ್ರಾಹಕಗಳನ್ನು ಎಣಿಸಲು ಸಾಧ್ಯವಾಯಿತು. 1973ರಲ್ಲಿ ಅಮೆರಿಕದಲ್ಲಿ ಫ್ಯಾಂಬ್ರೊ, ಡ್ರಾಕ್‌ಮನ್ ಮತ್ತು ಸತ್ಯಮೂರ್ತಿ ಎಣಿಸಿ ನೋಡಿದಾಗ, ಈ ರೋಗಿಗಳಲ್ಲಿ ಗ್ರಾಹಕಗಳೇ ಕಡಿಮೆ ಎಂದು ಕಂಡಿತು. ಅದೇ ವರ್ಷ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ವಿದ್ಯುತ್ ಈಲ್ ಮೀನಿನ ಗ್ರಾಹಕವನ್ನು ಮೊಲಗಳಿಗೆ ಚುಚ್ಚಿದರು. ಮೊಲಗಳ ಮೈ ಅದರ ವಿರುದ್ಧ ಪ್ರತಿಕಾಯ ಹುಟ್ಟಿಸಿಕೊಂಡು, ಆ ಪ್ರತಿಕಾಯಗಳಿಂದಲೇ ಕುಸಿದವು. ನಮ್ಮ ಮೈಯೇ ನಮ್ಮ ಸ್ನಾಯುವಿನ ಬಾಗಿಲುಗಳನ್ನು ಕೀಳುತ್ತಿದೆ ಎಂದು ಹೀಗೆ ಗೊತ್ತಾಯಿತು.

ಇದರಿಂದ ವ್ಯಾಯಾಮದ ಪ್ರಶ್ನೆಗೆ ಏನು ಬೆಳಕು ಬಿತ್ತು? ಯಾವುದೇ ಸ್ನಾಯುವನ್ನು ಸತತವಾಗಿ ಬಳಸಿದರೆ ಪ್ರತಿ ಸಲವೂ ನರ ಕಳಿಸುವ ರಾಸಾಯನಿಕ ಸ್ವಲ್ಪ ಕಡಿಮೆಯಾಗುತ್ತ ಹೋಗುತ್ತದೆ. ಆರೋಗ್ಯವಂತರಿಗೆ ಬಾಗಿಲುಗಳು ಬೇಕಾದದ್ದಕ್ಕಿಂತ ಹೆಚ್ಚಿರುವುದರಿಂದ ಅದು ಗೊತ್ತೇ ಆಗುವುದಿಲ್ಲ. ನಮಗೆ ಆ ಹೆಚ್ಚುವರಿ ಇಲ್ಲ. ನಿಂತರೆ ನರದ ತುದಿ ಮತ್ತೆ ತುಂಬಿಕೊಳ್ಳುತ್ತದೆ. ಅಂದರೆ ಸ್ನಾಯು ಕೆಟ್ಟಿಲ್ಲ, ಸುದ್ದಿ ತಲುಪುವುದು ಕೆಟ್ಟಿದೆ. ಸ್ನಾಯು ಕೆಟ್ಟಿಲ್ಲವೆಂದ ಮೇಲೆ ಅದನ್ನು ವರ್ಷಗಟ್ಟಲೆ ಹಾಸಿಗೆಯಲ್ಲಿ ಇಟ್ಟರೆ ಅದೂ ಕರಗುತ್ತದೆ, ಕಾಯಿಲೆ ಒಂದು ಇದ್ದದ್ದು ಎರಡಾಗುತ್ತದೆ. ನಮಗೆ ಕೊಡುವ ಸ್ಟೀರಾಯ್ಡ್ ಮಾತ್ರೆಗಳು ಬೇರೆ ತೂಕ ಹೆಚ್ಚಿಸುತ್ತವೆ, ಮೂಳೆ ಸವೆಸುತ್ತವೆ, ತೊಡೆಯ ಸ್ನಾಯುವನ್ನು ತೆಳುವಾಗಿಸುತ್ತವೆ. ಇವಕ್ಕೆಲ್ಲ ಉತ್ತರ ನಡಿಗೆಯೇ.

ಎಲ್ಲ ಸ್ನಾಯು ಕಾಯಿಲೆಗಳೂ ಹೀಗಲ್ಲ ಎಂದು ಇಲ್ಲಿ ಒತ್ತಿ ಹೇಳಬೇಕು. 1914ರ ಪೋಲಿಯೊ ಪಿಡುಗಿನ ನಂತರ ಅಮೆರಿಕದ ವರ್ಮಾಂಟ್‌ನಲ್ಲಿ ಮಕ್ಕಳಿಗೆ ಚಿಕಿತ್ಸೆ ನೀಡಿದ ರಾಬರ್ಟ್ ಲವೆಟ್, ಅತಿಯಾಗಿ ವ್ಯಾಯಾಮ ಮಾಡಿಸಿದರೆ ಉಳಿದ ಬಲವೂ ಹೋಗುತ್ತದೆ ಎಂದು 1915ರಲ್ಲೇ ಎಚ್ಚರಿಸಿದ್ದರು. ಪೋಲಿಯೊದಲ್ಲಿ ನರಕೋಶಗಳೇ ಸತ್ತಿರುತ್ತವೆ, ಉಳಿದ ಕೆಲವು ಕೋಶಗಳು ಸತ್ತವುಗಳ ಪಾಲಿನ ಕೆಲಸವನ್ನೂ ಹೊತ್ತಿರುತ್ತವೆ. ಭಾರತದಲ್ಲಿ ಕೊನೆಯ ಸಹಜ (ವೈಲ್ಡ್) ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಆದರೆ ಅದಕ್ಕೂ ಮೊದಲು ಕಾಲು ಸೊರಗಿದವರು ಈಗ ನಲವತ್ತು, ಐವತ್ತು, ಅರವತ್ತರಲ್ಲಿ ನಮ್ಮ ಸುತ್ತ ಇದ್ದಾರೆ, ಮತ್ತು ಹಲವರಿಗೆ ಇಷ್ಟು ವರ್ಷದ ಮೇಲೆ ಹೊಸದಾಗಿ ನಿಶ್ಶಕ್ತಿ ಬರುತ್ತಿದೆ. ಅವರಿಗೆ 'ದುಡಿದಷ್ಟೂ ಬಲಿಯುತ್ತದೆ' ಎಂಬ ಮಾತು ಅಪಾಯದ್ದು. ಮಸ್ಕ್ಯುಲರ್ ಡಿಸ್ಟ್ರೋಫಿಯಲ್ಲಿ ಸ್ನಾಯುವಿನ ಎಳೆಯೇ ಮುರಿಯುತ್ತದೆ, ಅಲ್ಲಿ ಲೆಕ್ಕ ಇನ್ನೂ ಬೇರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ಒಂದೇ ಕೈ ಅಥವಾ ಒಂದೇ ಕಾಲು ಸೊರಗುವ ಕಾಯಿಲೆಯನ್ನು ವಿವರಿಸಿದರು. ಹೆಚ್ಚಾಗಿ ಹರೆಯದ ಗಂಡುಮಕ್ಕಳಿಗೆ ಬರುವ ಅದು ಕೆಲವು ವರ್ಷ ಹೆಚ್ಚಾಗಿ ತಾನೇ ನಿಲ್ಲುತ್ತದೆ. ಕೈ ಸಣ್ಣಗಾಯಿತೆಂದು ಅಂಥ ಹುಡುಗನನ್ನು ನೆಟ್ಟಗೆ ಗರಡಿಗೆ ಕಳಿಸುವ ಮೊದಲು ನರರೋಗ ತಜ್ಞರಿಗೆ ತೋರಿಸಬೇಕು. ಹೆಸರು ಗೊತ್ತಾಗದೆ ವ್ಯಾಯಾಮವಿಲ್ಲ.

ಕನ್ನಡದ ಓದುಗರಿಗೆ ಇಲ್ಲಿ ಕೆ.ವಿ. ಅಯ್ಯರ್ ನೆನಪಾಗಬೇಕು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು, ಶಿಲ್ಪದಂಥ ತಮ್ಮ ಮೈಯ ಚಿತ್ರಗಳಿಂದ ಹೊರದೇಶಗಳಲ್ಲೂ ಹೆಸರಾಗಿದ್ದರು. 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ಬರೆದರು. (1930 ಈ ಲೇಖನವನ್ನು ಬಿಡುತ್ತಲೇ ಇಲ್ಲ.) ತೂಕ ಎತ್ತುವುದನ್ನೂ ಹಠಯೋಗವನ್ನೂ ಜೋಡಿಸಿ, ಅಂಚೆಯ ಮೂಲಕವೂ ಪಾಠ ಹೇಳಿದ ಮನುಷ್ಯ. ಇನ್ನೊಬ್ಬರು ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ, ಇನ್‌ಫ್ಲುಯೆಂಜಾ ಪಿಡುಗಿನ ನಡುವೆ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಬಾಲ್ಯವೆಲ್ಲ ಒಂದಾದ ಮೇಲೊಂದು ಕಾಯಿಲೆ. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, ಧಾರವಾಡ, ಬೆಳಗಾವಿ ಕಡೆ ಬಂದು ಕಲಿಸಿ, 1937ರಲ್ಲಿ ಪುಣೆಗೆ ಹೋದರು. ಮುಂದೆ ಅವರು ಹಗ್ಗ, ಕುರ್ಚಿ, ಮರದ ಇಟ್ಟಿಗೆ, ದಿಂಬುಗಳನ್ನು ಆಸನದ ಆಸರೆಗೆ ತಂದದ್ದು ಜಗತ್ತಿಗೆಲ್ಲ ಗೊತ್ತು. ಅಯ್ಯರ್ ಮತ್ತು ಅಯ್ಯಂಗಾರ್ ಇಬ್ಬರಲ್ಲಿ ನನಗೆ ಸಾಹಿತ್ಯಕ್ಕೆ ಮೊದಲನೆಯವರು ಬೇಕು, ಮೈಗೆ ಎರಡನೆಯವರು. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಹಿಡಿದು ಮಾಡುವುದೂ ವ್ಯಾಯಾಮವೇ ಎಂದು ಯಾರೋ ಒಬ್ಬರು ದೊಡ್ಡವರು ಒಪ್ಪಿದ್ದರಿಂದ ನನ್ನಂಥವರಿಗೆ ಮರ್ಯಾದೆ ಸಿಕ್ಕಿತು.

ಮಯಸ್ತೇನಿಯಾ ಇದ್ದವರು ವ್ಯಾಯಾಮ ಮಾಡಿದರೆ ಏನಾಗುತ್ತದೆ ಎಂದು ನಿಜಕ್ಕೂ ಅಳೆದು ನೋಡಿದ್ದು ಬಹಳ ತಡವಾಗಿ. 1993ರಲ್ಲಿ ಸ್ವೀಡನ್‌ನಲ್ಲಿ ಲೋಹಿ ಮತ್ತು ಸಂಗಡಿಗರು ಸೌಮ್ಯ ಕಾಯಿಲೆಯ 11 ಮಂದಿಗೆ ಹತ್ತು ವಾರ ತರಬೇತಿ ಕೊಟ್ಟರು. ಮೈಯ ಒಂದು ಬದಿಗೆ ಮಾತ್ರ ತರಬೇತಿ, ಇನ್ನೊಂದು ಬದಿ ಹೋಲಿಕೆಗೆ. ತರಬೇತಿ ಪಡೆದ ಬದಿಯ ಮಂಡಿಯ ಬಲ ಹೆಚ್ಚಿತು, ಕಾಯಿಲೆ ಉಲ್ಬಣಿಸಲಿಲ್ಲ. ಆಮೇಲೆ ಬೇರೆಡೆ ನಡೆದ ಅಧ್ಯಯನಗಳೂ, ಕಾಯಿಲೆ ಹತೋಟಿಯಲ್ಲಿದ್ದವರಿಗೆ ಮಿತ ವ್ಯಾಯಾಮ ಸುರಕ್ಷಿತ ಎಂದೇ ಹೇಳಿವೆ. ಹತೋಟಿಯಲ್ಲಿದ್ದವರಿಗೆ ಎಂಬ ಮಾತನ್ನು ನುಂಗಿಬಿಡಬಾರದು.

ನನ್ನ ಪದ್ಧತಿ ಹೀಗೆ. ಬೆಳಗಿನ ಮಾತ್ರೆ ನುಂಗಿ ಒಂದು ಗಂಟೆ ಕಾಯುತ್ತೇನೆ, ಔಷಧ ಏರಿದ ಹೊತ್ತಿಗೆ ಹೊರಡುತ್ತೇನೆ. ಮನೆಯಿಂದ ಹೆದ್ದಾರಿಯ ಕಡೆಗೆ ಹತ್ತು ನಿಮಿಷ, ಕಟ್ಟೆಯ ಮೇಲೆ ಐದು ನಿಮಿಷ, ಮತ್ತೆ ಹತ್ತು ನಿಮಿಷ. ನಡೆಯುತ್ತ ಪೂರ್ತಿ ವಾಕ್ಯ ಆಡಲು ಬರಬೇಕು. ವಾಕ್ಯ ತುಂಡಾದರೆ ಸುಶ್ರುತ ಹೇಳಿದ ಅರ್ಧ ಮುಗಿದ ಹಾಗೆ. ಒಂದು ದಿನ ಕಾಲಿಗೆ, ಒಂದು ದಿನ ತೋಳಿಗೆ. ತೋಳಿಗೆ ಅರ್ಧ ಲೀಟರಿನ ನೀರಿನ ಬಾಟಲಿ ಸಾಕು, ಎಂಟು ಸಲ ಎತ್ತಿ ಎರಡು ನಿಮಿಷ ಬಿಡುವು. ಒಂಬತ್ತನೆಯದು ಆಗುತ್ತದೆ ಎನ್ನಿಸಿದಾಗಲೇ ನಿಲ್ಲಿಸುವುದು. ಮಾರನೆಯ ದಿನ ಮೈ ಎಂದಿನಂತಿದ್ದರೆ ಹಿಂದಿನ ದಿನದ ಪ್ರಮಾಣ ಸರಿ. ಎಂದಿಗಿಂತ ಸೋತಿದ್ದರೆ ಅಂದು ರಜೆ, ಮರಳಿ ಶುರುಮಾಡುವುದು ಕಡಿಮೆಯಿಂದ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಎಲ್ಲ ಮುಗಿದಿರಬೇಕು, ಏಕೆಂದರೆ ಸೆಕೆ ಈ ಕಾಯಿಲೆಯ ಹಳೆಯ ಗೆಳೆಯ. ಜ್ವರ, ಕೆಮ್ಮು ಇದ್ದರೆ ವ್ಯಾಯಾಮವೇ ಇಲ್ಲ. ಬೇರೆ ಯಾವ ಕಾಯಿಲೆಗೆ ಯಾವ ವೈದ್ಯರ ಹತ್ತಿರ ಹೋದರೂ ಮೊದಲು ಮಯಸ್ತೇನಿಯಾದ ಮಾತು ಹೇಳುತ್ತೇನೆ, ಕೆಲವು ಪ್ರತಿಜೀವಕಗಳು ಸ್ನಾಯುವನ್ನು ಇನ್ನೂ ಕುಗ್ಗಿಸುತ್ತವೆ.

ದಿನಾ ಬೆಳಿಗ್ಗೆ ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲೆ ಎಂದು ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ನನ್ನ ಎಂದಿನ ಅಂಕಿ ಮೂವತ್ತೈದರ ಆಸುಪಾಸು. ಅದು ಇಳಿಯತೊಡಗಿದರೆ, ನೀರು ಮೂಗಿಗೆ ಬಂದರೆ, ಅಂಗಾತ ಮಲಗಿದಾಗ ಉಸಿರು ಕಟ್ಟಿದರೆ ಅದು ದಣಿವಲ್ಲ, ಆಸ್ಪತ್ರೆಗೆ ಹೊರಡುವ ಹೊತ್ತು. ಇದನ್ನು ಮನೆಯವರೆಲ್ಲರಿಗೂ ಹೇಳಿಟ್ಟಿದ್ದೇನೆ.

ಈ ಕಥೆಯನ್ನೆಲ್ಲ ಈಗ ಬರೆಯಲು ಕೂತದ್ದಕ್ಕೆ ಒಂದು ಕಾರಣವಿದೆ. ಕಳೆದ ತಿಂಗಳು ಒಬ್ಬ ತಾಯಿ ಕಾಲೇಜಿಗೆ ಬಂದಿದ್ದರು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ, ರಜೆಯಲ್ಲಿ ಮಗಳೂ ಜೊತೆಗೆ ಹೋಗುತ್ತಾಳೆ. ಮಗಳು ಆಟದ ಪಿರಿಯಡ್ಡಿಗೆ ತಪ್ಪಿಸಿಕೊಳ್ಳುತ್ತಾಳೆ, ಮಧ್ಯಾಹ್ನದ ಕ್ಲಾಸಿನಲ್ಲಿ ತೂಕಡಿಸುತ್ತಾಳೆ ಎಂದು ದೂರು ಹೋಗಿತ್ತು.

"ಸರ, ಇಕಿ ಮುಂಜಾನಿ ಚಲೋ ಇರ್ತಾಳ್ರಿ. ಸಂಜಿ ಆಗೂದ್ರಾಗ ಕಣ್ಣ ಮುಚ್ಚಿ ಬರ್ತಾವು. ಕೆಲಸಕ್ಕ ಹಚ್ಚಿದ್ರ ಮೊದಲ ಬುಟ್ಟಿ ನನಗಿಂತ ಜಲ್ದಿ, ಎರಡನೇದಕ್ಕ ಕೈ ಏಳಂಗಿಲ್ಲ. ಎಲ್ಲಾರೂ ಮೈಗಳ್ಳಿ ಅಂತಾರ."

"ನಿದ್ದಿ ಬಂದಿರ್ತೈತೇನವಾ?" ಎಂದು ಹುಡುಗಿಯನ್ನೇ ಕೇಳಿದೆ.

"ನಿದ್ದಿ ಅಲ್ರಿ ಸರ. ಎಲ್ಲಾ ಕೇಳಸ್ತಿರ್ತೈತ್ರಿ. ಕಣ್ಣ ತಗಿಯಾಕ ಬರಂಗಿಲ್ಲ."

ನಾನು ವೈದ್ಯನಲ್ಲ, ಕಾಯಿಲೆಯ ಹೆಸರು ಹೇಳುವುದು ನನ್ನ ಕೆಲಸವಲ್ಲ. ಆದರೆ ಮೊಬೈಲಿನಲ್ಲಿ ಏಳು ದಿನ, ದಿನಕ್ಕೆರಡು ಫೋಟೊ ತೆಗೆಯಿರಿ ಎಂದೆ: ಬೆಳಿಗ್ಗೆ ಏಳಕ್ಕೊಂದು, ಸಂಜೆ ಆರಕ್ಕೊಂದು, ಮುಖ ನೆಟ್ಟಗೆ, ಬೆಳಕು ಎದುರಿಗೆ. ಅಲ್ಲಿಯವರೆಗೆ ಓಟ, ಬಸ್ಕಿ, ಎರಡನೇ ಬುಟ್ಟಿ ಬೇಡ. ನುಂಗುವುದಕ್ಕೋ ಉಸಿರಿಗೋ ತೊಂದರೆಯಾದರೆ ಫೋಟೊ ಗೀಟೊ ಎಂದು ಕಾಯದೆ ಆಸ್ಪತ್ರೆಗೆ ನಡೆಯಿರಿ. ವಾರದ ಮೇಲೆ ಆ ಹದಿನಾಲ್ಕು ಫೋಟೊಗಳನ್ನು ಸಾಲಾಗಿ ಇಟ್ಟು ನೋಡಿದೆವು. ಏಳು ಮುಂಜಾವು, ಏಳು ಸಂಜೆ. ತಾಯಿ ಏನೂ ಮಾತಾಡಲಿಲ್ಲ, ಮಗಳ ತಲೆಗೂದಲು ಸರಿಮಾಡಿದರು. ಹುಬ್ಬಳ್ಳಿಯಲ್ಲಿ ನರರೋಗ ತಜ್ಞರು ನೋಡಿದ್ದಾರೆ, ಯೋಲಿಯ ಪರೀಕ್ಷೆಯೂ ಆಗಿದೆ, ರಕ್ತ ಬೆಂಗಳೂರಿಗೆ ಹೋಗಿದೆ. ವರದಿ ಮುಂದಿನ ವಾರ ಬರುತ್ತದೆ. ಹುಡುಗಿ ಈಗ ಆಟದ ಪಿರಿಯಡ್ಡಿಗೆ ಮೈದಾನಕ್ಕೆ ಬರುತ್ತಾಳೆ, ಎರಡು ಸುತ್ತು ನಡೆದು ಬೇವಿನ ಮರದ ಕೆಳಗೆ ಕುರ್ಚಿಯಲ್ಲಿ ಕೂತು ಉಳಿದವರ ಸ್ಕೋರ್ ಬರೆಯುತ್ತಾಳೆ. ಆ ಕುರ್ಚಿ ನನ್ನ ಕ್ಲಾಸಿನದು.